ಜಗುಲಿಯ ಮೇಲಿನ ರಾಣಿ ರೂಪಾಯಿ, ರೂಪಾಯಿಯೇ ಅಲ್ಲ

ಧಾರವಾಡದ ಓದುಗರೊಬ್ಬರ ಪ್ರಶ್ನೆ:

"ನಮ್ಮ ಮನೆಯ ದೇವರ ಜಗುಲಿಯ ಮೇಲೆ ತಲೆಮಾರುಗಳಿಂದ ಒಂದು ದೊಡ್ಡ ಬೆಳ್ಳಿ ನಾಣ್ಯವಿದೆ. ರಾಣಿ ರೂಪಾಯಿ ಎಂದೇ ಎಲ್ಲರೂ ಕರೆಯುತ್ತೇವೆ. ನನ್ನ ಯಜಮಾನರ ಮುತ್ತಜ್ಜ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದರು. ತನ್ನ ದೇಶಕ್ಕೆ ಮರಳುವಾಗ ಅಲ್ಲಿಯ ಇಂಗ್ಲಿಷ್ ಫೋರ್‌ಮನ್ 1890ರಲ್ಲಿ ಅದನ್ನು ಅವರ ಕೈಗೆ ಕೊಟ್ಟು ಹೋದನೆಂದು ಅತ್ತೆಯವರು ಹೇಳುತ್ತಿದ್ದರು. ಒಂದು ಬದಿಗೆ ತಲೆಯ ಮೇಲೆ ಸೆರಗು ಹೊದ್ದ ವಯಸ್ಸಾದ ರಾಣಿ. ಇನ್ನೊಂದು ಬದಿಗೆ ಕತ್ತಿ ಹಿಡಿದ ಕುದುರೆ ಸವಾರ, ಕುದುರೆಯ ಕಾಲ ಕೆಳಗೆ ಹಾವಿನಂಥ ಪ್ರಾಣಿ, ಅದರ ಕೆಳಗೆ 1893 ಎಂಬ ಇಸವಿ. ಅತ್ತೆಯವರು ಆ ಸವಾರನನ್ನು ಮೈಲಾರಲಿಂಗ ಎಂದೇ ನಂಬಿ ಪೂಜಿಸುತ್ತಿದ್ದರು. ಎಷ್ಟು ಬೆಲೆಯ ನಾಣ್ಯವೆಂದು ಎಲ್ಲಿಯೂ ಬರೆದಿಲ್ಲ. ಅಂಚಿನ ಸುತ್ತ ಅಕ್ಷರಗಳಿವೆ. ಕೊನೆಯಲ್ಲಿ ಎಲ್, ವಿ, ಐ ಎಂದು ಕಾಣುತ್ತದೆ, ಮುಂದಿನದು ಬೆಸುಗೆಯ ಕೆಳಗೆ ಮುಚ್ಚಿಹೋಗಿದೆ. ಹಿಂದೆ ಯಾರೋ ಅದಕ್ಕೆ ಕೊಂಡಿ ಹಾಕಿಸಿ ಕೊರಳಿಗೆ ಕಟ್ಟಿಕೊಂಡಿದ್ದರಂತೆ. ಪ್ರತಿ ದೀಪಾವಳಿಗೆ ಹುಣಸೆಹಣ್ಣು, ಬೂದಿ ಹಚ್ಚಿ ತೊಳೆಯುತ್ತಿದ್ದೆವು. ಅತ್ತೆಯವರು ತೀರಿಕೊಂಡ ಮೇಲೆ ಐದು ವರ್ಷ ತೊಳೆದಿಲ್ಲ. ಈಗ ಕಪ್ಪಾಗಿದೆ, ಅಂಚಿನಲ್ಲಿ ಹಸಿರು ಕಲೆ ಬಂದಿದೆ. ಅಕ್ಕಸಾಲಿಗರು ಒರೆಗಲ್ಲಿಗೆ ತಿಕ್ಕಿ ನೋಡಿ ಚೊಕ್ಕ ಬೆಳ್ಳಿಯಲ್ಲ ಎಂದರು, ತೂಕ 27.9 ಗ್ರಾಂ. ಇಂಥ ನಾಣ್ಯಕ್ಕೆ 10 ಲಕ್ಷ ಸಿಗುತ್ತದೆ ಎಂಬ ವಿಡಿಯೊ ನೋಡಿ ಮೈದುನ ಫೋನ್ ಮಾಡಿದರೆ, ಮೊದಲು ನೋಂದಣಿ ಶುಲ್ಕ ಕಟ್ಟಿ ಎಂದರು. ಇಂಗ್ಲೆಂಡಿನ ಲೆಸ್ಟರ್‌ನಲ್ಲಿರುವ ನನ್ನ ಅಣ್ಣನ ಮಗ, ಅದು ಇಲ್ಲಿಯ ನಾಣ್ಯ, ಬರುವಾಗ ತನ್ನಿ, ಇಲ್ಲೇ ಮಾರೋಣ ಎನ್ನುತ್ತಾನೆ. ಇದು ಅಸಲಿಯೇ? ತೊಳೆಯಬೇಕೇ? ಮಾರಬೇಕೇ?"

ಉತ್ತರ:

ಮೊದಲು ಒಂದು ವಿನಂತಿ. ಈ ಉತ್ತರವನ್ನು ಪೂರ್ತಿ ಓದುವವರೆಗೆ ನಾಣ್ಯಕ್ಕೆ ಹುಣಸೆಹಣ್ಣು, ನಿಂಬೆ, ಟೂತ್‌ಪೇಸ್ಟ್ ಯಾವುದನ್ನೂ ಮುಟ್ಟಿಸಬೇಡಿ. ಐದು ವರ್ಷ ತೊಳೆಯದೆ ಇದ್ದುದಕ್ಕೆ ನಿಮಗೆ ಅಳುಕಿರುವುದು ಪತ್ರದಲ್ಲಿ ಕಾಣುತ್ತದೆ. ಆ ಐದು ವರ್ಷ ನಾಣ್ಯಕ್ಕೆ ಸಿಕ್ಕ ವಿಶ್ರಾಂತಿ. ನೀವು ಮಾಡಿದ ತಪ್ಪೇನೂ ಇಲ್ಲ.

ನಿಮ್ಮ ಮನೆಯಲ್ಲಿರುವುದು ರೂಪಾಯಿ ಅಲ್ಲ. ನಿಮ್ಮ ಪತ್ರದ ಎರಡು ಮಾತುಗಳೇ ಇದನ್ನು ಹೇಳುತ್ತವೆ. ಒಂದು ತೂಕ. ಬ್ರಿಟಿಷರ ಕಾಲದ ನಮ್ಮ ಬೆಳ್ಳಿ ರೂಪಾಯಿಯ ತೂಕ ಸರಿಯಾಗಿ ಒಂದು ತೊಲ, ಅಂದರೆ 11.66 ಗ್ರಾಂ. ಅಂಗಡಿಗಳಲ್ಲಿ ತೊಲದ ಬಟ್ಟಿನ ಬದಲಿಗೆ ರೂಪಾಯಿಯನ್ನೇ ತಕ್ಕಡಿಗೆ ಹಾಕುತ್ತಿದ್ದ ಕಾಲವಿತ್ತು. ನಿಮ್ಮದು ಅದರ ಸುಮಾರು ಎರಡೂವರೆ ಪಟ್ಟು ತೂಗುತ್ತಿದೆ. ಇನ್ನೊಂದು ಸೆರಗು. ನಮ್ಮ ರೂಪಾಯಿಗಳ ಮೇಲೆ ವಿಕ್ಟೋರಿಯಾ ರಾಣಿ ಕೊನೆಯವರೆಗೂ ಯೌವನದ ಮುಖದಲ್ಲೇ ಉಳಿದಳು. ಆಕೆ ಎಂಬತ್ತು ದಾಟಿ ತೀರಿಕೊಂಡ 1901ರಲ್ಲಿ ಅಚ್ಚಾದ ರೂಪಾಯಿಯಲ್ಲೂ ಕಿರೀಟ ತೊಟ್ಟ ಅದೇ ಹರೆಯದ ಮುಖವಿದೆ. ತಲೆಯ ಮೇಲೆ ಮುಸುಕು ಹೊದ್ದ, ಗಲ್ಲ ಇಳಿದ ಮುದುಕಿಯ ಮುಖ ನಮ್ಮ ರೂಪಾಯಿಗೆ ಬರಲೇ ಇಲ್ಲ. ಅದು ಬಂದದ್ದು ಬ್ರಿಟನ್ನಿನ ನಾಣ್ಯಗಳ ಮೇಲೆ, ಅದೂ 1893ರಿಂದ. ಶಿಲ್ಪಿ ಥಾಮಸ್ ಬ್ರಾಕ್ ಅದನ್ನು ರೂಪಿಸಿದ. ರಾಣಿಯ ಭುಜದ ಕೆಳಗೆ ಟಿ. ಬಿ. ಎಂಬ ಎರಡು ಪುಟ್ಟ ಅಕ್ಷರಗಳು ಸವೆಯದೆ ಉಳಿದಿದ್ದರೆ ಭೂತಗನ್ನಡಿಯಲ್ಲಿ ಕಾಣಬಹುದು. ಗಂಡ ಆಲ್ಬರ್ಟ್ 1861ರಲ್ಲಿ ತೀರಿಕೊಂಡ ಮೇಲೆ ಆಕೆ ನಲವತ್ತು ವರ್ಷ ವಿಧವೆಯಾಗಿ ಬಾಳಿದಳು. ನಿಮ್ಮ ಕಣ್ಣಿಗೆ ಸೆರಗಾಗಿ ಕಂಡದ್ದು ಆ ವಿಧವೆಯ ಮುಸುಕು.

ನಾಣ್ಯದ ಹೆಸರು ಕ್ರೌನ್. ಐದು ಶಿಲಿಂಗ್ ಬೆಲೆಯದು, ಪೌಂಡಿನ ಕಾಲು ಭಾಗ. ಬೆಲೆಯನ್ನು ಬರೆದಿಲ್ಲವೆಂದು ನಿಮಗೆ ಅನುಮಾನ ಬಂದಿದೆ. ಆ ಕಾಲದ ಕ್ರೌನಿನ ಮೇಲೆ ಬೆಲೆಯನ್ನು ಬರೆಯುತ್ತಿರಲಿಲ್ಲ. ಗಾತ್ರ ನೋಡಿಯೇ ಜನ ಗುರುತಿಸುತ್ತಿದ್ದರು. ಹೊಸದಾಗಿ ಟಂಕಸಾಲೆಯಿಂದ ಹೊರಬಂದಾಗ ಅದರ ತೂಕ 28.28 ಗ್ರಾಂ, ಅಡ್ಡಳತೆ 38.6 ಮಿಲಿಮೀಟರ್. ನೂರ ಮೂವತ್ತು ವರ್ಷ ಸವೆದು 27.9 ಗ್ರಾಂ ಉಳಿದಿದೆ ಎಂದರೆ ನಂಬಬಹುದಾದ ತೂಕವೇ. ಬೆಸುಗೆಯ ಚೂರೂ ಆ ತೂಕದಲ್ಲಿ ಸೇರಿದೆ ಎಂಬುದು ನೆನಪಿರಲಿ.

ಕುದುರೆ ಸವಾರ ಇಂಗ್ಲೆಂಡಿನ ರಕ್ಷಕ ಸಂತ ಜಾರ್ಜ್. ಕೆಳಗಿರುವುದು ಹಾವಲ್ಲ, ರೆಕ್ಕೆಯಿರುವ ಡ್ರ್ಯಾಗನ್. ಇಟಲಿಯಿಂದ ಲಂಡನ್ನಿಗೆ ಹೋಗಿ ನೆಲೆಸಿದ ಬೆನೆಡೆಟ್ಟೊ ಪಿಸ್ಟ್ರುಚಿ ಎಂಬ ರತ್ನ ಕೆತ್ತನೆಗಾರ ಇದನ್ನು ರೂಪಿಸಿದ. 1817ರಲ್ಲಿ ಚಿನ್ನದ ಸಾವರಿನ್ ಮೇಲೆ, ಮರುವರ್ಷ ಕ್ರೌನ್ ಮೇಲೆ ಈ ಚಿತ್ರ ಬಂತು. ಇಂದಿಗೂ ಸಾವರಿನ್ ಮೇಲೆ ಇದೇ ಚಿತ್ರ ಬರುತ್ತಿದೆ. ನಿಮ್ಮ ಅತ್ತೆಯವರ ಕಣ್ಣಿನ ಬಗ್ಗೆ ನನಗೆ ಗೌರವವಿದೆ. ಕುದುರೆ, ಎತ್ತಿದ ಖಡ್ಗ, ಕಾಲಡಿಯಲ್ಲಿ ದುಷ್ಟ ಪ್ರಾಣಿ: ಮಣಿಮಲ್ಲಾಸುರರನ್ನು ಕೊಂದ ಮೈಲಾರನನ್ನು ಚಿಕ್ಕಂದಿನಿಂದ ಕಂಡವರಿಗೆ ಇದು ಬೇರೆ ಯಾರಾಗಿ ಕಾಣಬೇಕು? ನಾಣ್ಯದ ಜೊತೆ ಇಡುವ ಚೀಟಿಯಲ್ಲಿ ಸಂತ ಜಾರ್ಜ್ ಎಂದು ಬರೆಯಿರಿ, ಅತ್ತೆಯವರು ಮೈಲಾರಲಿಂಗ ಎನ್ನುತ್ತಿದ್ದರು ಎಂಬುದನ್ನೂ ಬರೆಯಿರಿ. ಎರಡೂ ಅದರ ಚರಿತ್ರೆಯೇ.

ಚೀಟಿಯಲ್ಲಿ ತಿದ್ದಬೇಕಾದ ಒಂದು ಸಂಗತಿಯಿದೆ. 1893ರಲ್ಲಿ ಅಚ್ಚಾದ ನಾಣ್ಯವನ್ನು 1890ರಲ್ಲಿ ಯಾರೂ ಕೊಡಲಾರರು. ಇದರಿಂದ ಮನೆಯ ಕಥೆಯೇ ಸುಳ್ಳು ಎಂದುಕೊಳ್ಳಬೇಡಿ. ಬಾಯಿಂದ ಬಾಯಿಗೆ ಬರುವ ಕಥೆಗಳಲ್ಲಿ ಮನುಷ್ಯರು, ಊರು, ಕೆಲಸ ಸಾಮಾನ್ಯವಾಗಿ ಉಳಿಯುತ್ತವೆ. ಮೊದಲು ಜಾರುವುದು ಇಸವಿ. ಫೋರ್‌ಮನ್ ಹೊರಟದ್ದು 1893ರಲ್ಲಿ ಇಲ್ಲವೇ ಅನಂತರ ಎಂಬುದಷ್ಟನ್ನು ನಾಣ್ಯ ಹೇಳುತ್ತದೆ. ಅದು ಫಿಟ್ಟರ್ ಒಬ್ಬರಿಗೆ ಸಣ್ಣ ಉಡುಗೊರೆಯಾಗಿರಲಿಲ್ಲ. ಆ ಶತಮಾನದ ಕೊನೆಗೆ ರೂಪಾಯಿಗೆ ಒಂದು ಶಿಲಿಂಗ್ ನಾಲ್ಕು ಪೆನ್ಸ್ ಎಂಬ ದರ ನಿಂತಿತು. ಆ ಲೆಕ್ಕದಲ್ಲಿ ಒಂದು ಕ್ರೌನ್ ಎಂದರೆ ಮೂರು ಮುಕ್ಕಾಲು ರೂಪಾಯಿ.

ರಾಣಿಯ ಸುತ್ತಲಿನ ಬರಹದ ಕೊನೆಯಲ್ಲಿ 'ಇಂಡ್. ಇಂಪ್.' ಎಂಬ ಎರಡು ತುಂಡು ಪದಗಳಿರಬೇಕು. 'ಭಾರತದ ಚಕ್ರವರ್ತಿನಿ' ಎಂಬುದರ ಲ್ಯಾಟಿನ್ ಮೊಟಕು ರೂಪ. ಆಕೆಯ ಆ ಪದವಿಯನ್ನು 1877ರ ಜನವರಿ 1ರಂದೇ ದೆಹಲಿಯ ದರ್ಬಾರಿನಲ್ಲಿ ಘೋಷಿಸಲಾಗಿತ್ತು, ನಮ್ಮ ರೂಪಾಯಿಯ ಮೇಲೆ ಆಗಲೇ ಬಂದಿತ್ತು. ತಮ್ಮದೇ ನೆಲದ ನಾಣ್ಯಗಳ ಮೇಲೆ ಅದನ್ನು ಹಾಕಲು ಬ್ರಿಟನ್ 1893ರವರೆಗೆ ಕಾಯಿತು. ಹಾಗಾಗಿ ನಿಮ್ಮ ನಾಣ್ಯ ನಮ್ಮ ದೇಶದ ಹೆಸರನ್ನು ಹೊತ್ತ ಮೊದಲ ವರ್ಷದ ಕ್ರೌನ್. ಅದೇ ವರ್ಷದ ಜೂನ್‌ನಲ್ಲಿ, ಬೆಳ್ಳಿಯ ಬೆಲೆ ಕುಸಿದದ್ದರಿಂದ, ಜನ ಬೆಳ್ಳಿ ತಂದುಕೊಟ್ಟು ರೂಪಾಯಿ ಹೊಡೆಸಿಕೊಳ್ಳುವ ವ್ಯವಸ್ಥೆಯನ್ನು ಸರ್ಕಾರ ಭಾರತದ ಟಂಕಸಾಲೆಗಳಲ್ಲಿ ನಿಲ್ಲಿಸಿತು. ಬೆಳ್ಳಿಯ ಪಾಲಿಗೆ ಅದೊಂದು ತಿರುವಿನ ವರ್ಷ.

ಇನ್ನು ಅಸಲಿಯೇ ಎಂಬ ಪ್ರಶ್ನೆ. ಕೈಗೆತ್ತಿಕೊಂಡು ನೋಡದೆ ಖಚಿತ ಮಾತು ಹೇಳುವುದು ಸರಿಯಲ್ಲ. ಆದರೆ ಲಕ್ಷಣಗಳು ನಿಮ್ಮ ಪರವಾಗಿವೆ. ಇಂದು ಮಾರುಕಟ್ಟೆಯಲ್ಲಿ ತಿರುಗುವ ನಕಲಿ ಕ್ರೌನ್‌ಗಳು ಬಹುಮಟ್ಟಿಗೆ ಇತ್ತೀಚಿನವು. ಅವುಗಳ ತೂಕ ಕಡಿಮೆ, ಅಕ್ಷರಗಳು ಕರಗಿದ ಸೋಪಿನಂತೆ ಮೊಂಡು, ಕೆಲವು ಅಯಸ್ಕಾಂತಕ್ಕೆ ಅಂಟುತ್ತವೆ. ತಲೆಮಾರುಗಳಿಂದ ಜಗುಲಿಯ ಮೇಲೇ ಇದ್ದ ನಾಣ್ಯಕ್ಕೆ ಆ ಭಯ ಕಡಿಮೆ. ಅಯಸ್ಕಾಂತಕ್ಕೆ ಅಂಟದಿದ್ದ ಮಾತ್ರಕ್ಕೆ ಬೆಳ್ಳಿ ಎಂದಾಗುವುದಿಲ್ಲ, ಹಿತ್ತಾಳೆಯೂ ಅಂಟುವುದಿಲ್ಲ.

ಮನೆಯಲ್ಲೇ ಮಾಡಬಹುದಾದ ಒಂದು ಒಳ್ಳೆಯ ಪರೀಕ್ಷೆಯಿದೆ, ನಾಣ್ಯಕ್ಕೆ ಗೀರೂ ಬೀಳುವುದಿಲ್ಲ. ಸಣ್ಣ ಡಿಜಿಟಲ್ ತಕ್ಕಡಿಯ ಮೇಲೆ ಒಂದು ಲೋಟ ಶುದ್ಧ ನೀರಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ನಾಣ್ಯವನ್ನು ಸಣ್ಣ ಹತ್ತಿಯ ದಾರದಲ್ಲಿ ಕಟ್ಟಿ, ತಳಕ್ಕಾಗಲಿ ಬದಿಗಾಗಲಿ ತಾಗದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ತಕ್ಕಡಿ ತೋರಿಸುವುದು ನಾಣ್ಯ ಪಕ್ಕಕ್ಕೆ ಸರಿಸಿದ ನೀರಿನ ತೂಕ. ನಾಣ್ಯದ ತೂಕವನ್ನು ಆ ಅಂಕಿಯಿಂದ ಭಾಗಿಸಿ. ನಿಮ್ಮ 27.9 ಗ್ರಾಂ ನಾಣ್ಯಕ್ಕೆ ತಕ್ಕಡಿ 2.7ರ ಆಸುಪಾಸು ತೋರಿಸಿದರೆ ಉತ್ತರ 10.3 ಬರುತ್ತದೆ, ಇಂಗ್ಲೆಂಡಿನ ನಾಣ್ಯದ ಬೆಳ್ಳಿಗೆ ಅದು ಸರಿಯಾದ ಸಾಂದ್ರತೆ. ಬೆಳ್ಳಿಯಂತೆ ಹೊಳೆಯುವ ತಾಮ್ರ-ನಿಕ್ಕಲ್ ಮಿಶ್ರಣವಾಗಿದ್ದರೆ ತಕ್ಕಡಿ 3.1 ದಾಟುತ್ತದೆ. ಮುಗಿದ ಮೇಲೆ ಮೆತ್ತನೆಯ ಬಟ್ಟೆಯ ಮೇಲಿಟ್ಟು ಒತ್ತಿ ಒಣಗಿಸಿ. ಉಜ್ಜಬೇಡಿ.

ಅಕ್ಕಸಾಲಿಗರು ಚೊಕ್ಕ ಬೆಳ್ಳಿಯಲ್ಲ ಎಂದದ್ದು ನಿಜ. ಅದು ದೋಷವಲ್ಲ. ಈ ಕ್ರೌನ್ ಸ್ಟರ್ಲಿಂಗ್ ಬೆಳ್ಳಿಯದು, ಎಂದರೆ ಸಾವಿರಕ್ಕೆ 925 ಪಾಲು ಬೆಳ್ಳಿ, ಉಳಿದದ್ದು ತಾಮ್ರ. ಅಪ್ಪಟ ಬೆಳ್ಳಿ ಬಹಳ ಮೃದು, ಕೈಯಿಂದ ಕೈಗೆ ಹೋಗುವ ನಾಣ್ಯಕ್ಕೆ ತಾಳುವುದಿಲ್ಲ. ಬಲಕ್ಕಾಗಿ ತಾಮ್ರ ಬೆರೆಸುತ್ತಾರೆ. ನಮ್ಮ ರೂಪಾಯಿಯಲ್ಲೂ ಹನ್ನೆರಡರಲ್ಲಿ ಒಂದು ಪಾಲು ತಾಮ್ರವೇ ಇತ್ತು. ಬ್ರಿಟನ್ 1920ರಲ್ಲಿ ತನ್ನ ನಾಣ್ಯದ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು, 1947ರಲ್ಲಿ ಬೆಳ್ಳಿಯನ್ನೇ ಬಿಟ್ಟು ತಾಮ್ರ-ನಿಕ್ಕಲ್‌ಗೆ ಬಂತು. ನಿಮ್ಮದು ಆ ಇಳಿಕೆಗೆ ಮೊದಲಿನದು. ಅಕ್ಕಸಾಲಿಗರ ಮೇಲೆ ನನಗೆ ಇರುವ ತಕರಾರು ಒಂದೇ. ಒರೆಗಲ್ಲು ಒಡವೆಗೆ ಸರಿ, ನಾಣ್ಯಕ್ಕೆ ಅಲ್ಲ. ತಿಕ್ಕಿದ ಜಾಗದಲ್ಲಿ ಅಂಚು ಚಪ್ಪಟೆಯಾಗಿರುತ್ತದೆ, ಅದನ್ನು ಮರಳಿ ತರಲು ಯಾರಿಂದಲೂ ಆಗದು. ಮುಂದೆ ಯಾರಿಗೆ ತೋರಿಸಿದರೂ ಒರೆಗೆ ಹಚ್ಚಬೇಡಿ ಎಂದು ಮೊದಲೇ ಹೇಳಿ.

ಈಗ ಕಪ್ಪಿನ ವಿಚಾರ. ನಾನು ಹೆಚ್ಚು ಹೊತ್ತು ನಿಲ್ಲಬೇಕಾದ ಜಾಗ ಇದು. ಮೂವತ್ತು ವರ್ಷ ಹಳೆಯ ಲೋಹದ ವಸ್ತುಗಳ ಜೊತೆ ಕೆಲಸ ಮಾಡಿದ್ದೇನೆ. ಕಳ್ಳತನಕ್ಕಿಂತ, ಬೆಂಕಿಗಿಂತ ಹೆಚ್ಚು ನಾಣ್ಯಗಳು ತೊಳೆಯುವುದರಿಂದಲೇ ಹಾಳಾದುದನ್ನು ಕಂಡಿದ್ದೇನೆ. ತೊಳೆದವರೆಲ್ಲರೂ ಪ್ರೀತಿಯಿಂದಲೇ ತೊಳೆದವರು.

ಕಪ್ಪು ಎಂದರೆ ಹೊರಗಿನಿಂದ ಬಂದು ಕುಳಿತ ಕೊಳೆ ಎಂದು ನಾವು ತಿಳಿದಿದ್ದೇವೆ. ಅದು ಕೊಳೆಯಲ್ಲ. ಗಾಳಿಯಲ್ಲಿ ಗಂಧಕದ ಅಂಶವಿರುವ ಅನಿಲ ಅತಿ ಸ್ವಲ್ಪ ಪ್ರಮಾಣದಲ್ಲಿ ಇರುತ್ತದೆ. ಬೇಯಿಸಿದ ಮೊಟ್ಟೆಯಿಂದ, ಈರುಳ್ಳಿಯಿಂದ, ಚರಂಡಿಯಿಂದ, ಉಣ್ಣೆಯಿಂದ, ರಬ್ಬರಿನಿಂದ ಅದು ಹೊರಡುತ್ತದೆ. ಅದು ತಾಗಿದಾಗ ನಾಣ್ಯದ ಮೇಲ್ಮೈಯ ಬೆಳ್ಳಿಯೇ ಸಿಲ್ವರ್ ಸಲ್ಫೈಡ್ ಆಗಿ ಬದಲಾಗುತ್ತದೆ. ಹಾಗಾಗಿ ಕಪ್ಪು ಪದರ ನಾಣ್ಯದ್ದೇ ಚರ್ಮ. ಬೂದಿಯಿಂದ ಉಜ್ಜಿ ತೆಗೆದಾಗ ಅದರೊಳಗಿನ ಬೆಳ್ಳಿಯೂ ನೀರಿನ ಜೊತೆ ಬಚ್ಚಲಿಗೆ ಹೋಗುತ್ತದೆ. ಕೆಳಗಿನ ಹೊಸ ಬೆಳ್ಳಿ ಮತ್ತೆ ಕಪ್ಪಾಗುತ್ತದೆ, ಮತ್ತೆ ಉಜ್ಜುತ್ತೇವೆ. ಮುಟ್ಟದೆ ಬಿಟ್ಟರೆ ಆ ಪದರವೇ ದಪ್ಪವಾಗುತ್ತಾ ಮುಂದಿನ ಬದಲಾವಣೆಯನ್ನು ನಿಧಾನಗೊಳಿಸುತ್ತದೆ.

ಹುಣಸೆಯ ಹುಳಿ ಬೆಳ್ಳಿಗಿಂತ ಹೆಚ್ಚಾಗಿ ತಾಮ್ರವನ್ನು ಹಿಡಿಯುತ್ತದೆ. ಮೇಲ್ಮೈಯ ತಾಮ್ರ ಕರಗಿ ಹೋದಾಗ ನಾಣ್ಯ ಬೆಳ್ಳಗೆ ಕಾಣುತ್ತದೆ, ಆದರೆ ಅದು ಸುಣ್ಣ ಬಳಿದಂಥ ಜೀವವಿಲ್ಲದ ಬಿಳುಪು. ಬೂದಿ ಮತ್ತು ಟೂತ್‌ಪೇಸ್ಟ್ ಎರಡರಲ್ಲೂ ಇರುವುದು ನುಣ್ಣನೆಯ ಗಟ್ಟಿ ಕಣಗಳು. ಕೂದಲೆಳೆಯಂಥ ಸಾವಿರ ಗೀರುಗಳನ್ನು ಬಿಟ್ಟು ಹೋಗುತ್ತವೆ. ಅಲ್ಯುಮಿನಿಯಂ ಹಾಳೆ ಹಾಸಿ ಅಡುಗೆ ಸೋಡಾದ ಬಿಸಿನೀರಿನಲ್ಲಿ ಮುಳುಗಿಸುವ ಉಪಾಯವನ್ನು ಹಲವರು ನಿರಪಾಯಕಾರಿ ಎನ್ನುತ್ತಾರೆ. ಅಲ್ಲಿ ಕಪ್ಪು ಮರಳಿ ಬೆಳ್ಳಿಯಾಗುವುದು ನಿಜ, ಬೆಳ್ಳಿ ಕಳೆದುಹೋಗುವುದಿಲ್ಲ. ಆದರೆ ಮರಳಿದ ಬೆಳ್ಳಿ ಮೊದಲಿನಂತೆ ಒತ್ತಾಗಿ ಕೂರುವುದಿಲ್ಲ, ಸಣ್ಣ ರಂಧ್ರಗಳ ಮಂಕು ಪದರವಾಗಿ ಉಳಿದು ಮೊದಲಿಗಿಂತ ಬೇಗ ಕಪ್ಪಾಗುತ್ತದೆ. ಅಂಗಡಿಯ ಬೆಳ್ಳಿ ದ್ರಾವಣದಲ್ಲಿ ಅದ್ದಿ ತೆಗೆದರೂ ಮೇಲ್ಮೈ ಸುಲಿದುಹೋಗುತ್ತದೆ.

ಹಾಗಾದರೆ ಬೆಳ್ಳಿ ತಟ್ಟೆ, ದೀಪದ ಕಂಬಗಳನ್ನು ತಲೆತಲಾಂತರದಿಂದ ತೊಳೆಯುತ್ತಿಲ್ಲವೇ ಎಂದು ನೀವು ಕೇಳಬಹುದು. ತೊಳೆಯಿರಿ, ಅವು ಬಳಸುವ ಪಾತ್ರೆಗಳು, ತಟ್ಟೆಯ ದಪ್ಪದಲ್ಲಿ ಸ್ವಲ್ಪ ಹೋದರೆ ತಿಳಿಯುವುದಿಲ್ಲ. ನಾಣ್ಯದಲ್ಲಿ ರಾಣಿಯ ಕಣ್ಣರೆಪ್ಪೆ, ಮುಸುಕಿನ ಮಡಿಕೆ, ಕುದುರೆಯ ಕುತ್ತಿಗೆಯ ಕೂದಲು ಎಲ್ಲವೂ ಕಾಗದದ ದಪ್ಪದ ಉಬ್ಬಿನಲ್ಲಿವೆ. ಅಲ್ಲಿ ಹೋದದ್ದು ಮರಳುವುದಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ನಾನು ನನ್ನ ತಂದೆಯ ಒಂದು ರೂಪಾಯಿಯನ್ನು ನಿಂಬೆಹಣ್ಣಿನಿಂದ ತಿಕ್ಕಿ ಹೊಳೆಯಿಸಿ ಅವರಿಗೆ ತೋರಿಸಿದೆ. ಅವರು ಬೈಯಲಿಲ್ಲ, ಬಹಳ ಹೊತ್ತು ಅದನ್ನು ಅಂಗೈಯಲ್ಲಿ ಹಿಡಿದು ಕುಳಿತರು. ಅದು ಈಗಲೂ ನನ್ನ ಬಳಿ ಇದೆ, ಈಗಲೂ ಅದರ ಮುಖ ಬಿಳಿಚಿಕೊಂಡೇ ಇದೆ. ಈ ಉದ್ಯೋಗಕ್ಕೆ ನನ್ನನ್ನು ಕರೆತಂದದ್ದು ಆ ನಾಣ್ಯ.

ಹಸಿರು ಕಲೆಯನ್ನು ಮಾತ್ರ ಹಾಗೆಯೇ ಬಿಡಬೇಡಿ. ಅದು ಬೆಳ್ಳಿಯದಲ್ಲ, ಒಳಗಿನ ತಾಮ್ರದ್ದು. ದೀಪದ ಎಣ್ಣೆ, ತುಪ್ಪ ಸಿಡಿದು ಹಳಸಿದಾಗ ಅದರ ಆಮ್ಲ ತಾಮ್ರದ ಜೊತೆ ಸೇರಿ ಹಸಿರು ಜಿಡ್ಡಾಗುತ್ತದೆ. ಬೆಸುಗೆಯ ಸಂದಿಯಲ್ಲಿ ಉಳಿದ ಹುಣಸೆಯ ರಸವೂ ಅದನ್ನೇ ಮಾಡುತ್ತದೆ. ಮೆತ್ತನೆಯ ಪಾರದರ್ಶಕ ಪ್ಲಾಸ್ಟಿಕ್ ಚೀಲದಲ್ಲಿ ನಾಣ್ಯವನ್ನು ಇಟ್ಟಿದ್ದೀರಾ ಎಂಬುದನ್ನೂ ನೆನಪಿಸಿಕೊಳ್ಳಿ. ಪಿವಿಸಿ ಪ್ಲಾಸ್ಟಿಕ್ ಕಾಲಕ್ರಮದಲ್ಲಿ ಕೊಳೆತು ಬಿಡುವ ಆಮ್ಲ ಇದೇ ರೀತಿಯ ಅಂಟು ಹಸಿರನ್ನು ತರುತ್ತದೆ.

ಒಂದು ಮೊನಚಾದ ಬಿದಿರು ಕಡ್ಡಿಯ ತುದಿಯಿಂದ ಕಲೆಯನ್ನು ಒಮ್ಮೆ ಮುಟ್ಟಿ ನೋಡಿ, ಕೆರೆಯಬೇಡಿ. ಮೇಣದಂತೆ ಅಂಟಿದರೆ ಅದು ಜಿಡ್ಡು. ಔಷಧ ಅಂಗಡಿಯಲ್ಲೋ ರಾಸಾಯನಿಕ ಮಾರುವವರಲ್ಲೋ ಶುದ್ಧ ಅಸಿಟೋನ್ ಕೇಳಿ. ಬಣ್ಣ, ಸುವಾಸನೆ, ಎಣ್ಣೆ ಬೆರೆಸಿದ ನೇಲ್ ಪಾಲಿಶ್ ತೆಗೆಯುವ ದ್ರವ ಬೇಡ. ಗಾಜಿನ ಬಟ್ಟಲಿನಲ್ಲಿ ನಾಣ್ಯ ಮುಳುಗುವಷ್ಟು ಹಾಕಿ, ಗಾಜಿನ ತಟ್ಟೆ ಮುಚ್ಚಿ ಅರ್ಧ ಗಂಟೆ ಬಿಡಿ. ತೆಗೆದು ಹೊಸ ಅಸಿಟೋನ್‌ನಲ್ಲಿ ಒಮ್ಮೆ ಅದ್ದಿ, ಗಾಳಿಗೆ ಒಣಗಲು ಬಿಡಿ. ಅಸಿಟೋನ್ ಬೆಳ್ಳಿಯನ್ನೂ ಮುಟ್ಟುವುದಿಲ್ಲ, ಕಪ್ಪು ಪದರವನ್ನೂ ಮುಟ್ಟುವುದಿಲ್ಲ. ಜಿಡ್ಡನ್ನು ಮಾತ್ರ ಕರಗಿಸುತ್ತದೆ. ಆದರೆ ಅದರ ಆವಿಗೆ ಬೆಂಕಿ ತಕ್ಷಣ ಹತ್ತಿಕೊಳ್ಳುತ್ತದೆ. ಕಿಟಕಿ ತೆರೆದಿರಲಿ. ಅಡುಗೆಮನೆಯಲ್ಲಿ, ದೇವರ ಮನೆಯಲ್ಲಿ, ನಂದಾದೀಪ ಉರಿಯುವ ಕಡೆ ಖಂಡಿತ ಬೇಡ. ಮಕ್ಕಳನ್ನು ದೂರವಿಡಿ.

ಕಲೆ ಪುಡಿಪುಡಿಯಾಗಿದ್ದು, ಅದರ ಕೆಳಗೆ ಲೋಹ ಗುಳಿಬಿದ್ದಿದ್ದರೆ ಅದು ಮನೆಯ ಕೆಲಸವಲ್ಲ. ಬೆಂಗಳೂರಿನಲ್ಲಿ ಪರಂಪರೆಯ ವಸ್ತುಗಳನ್ನು ಕಾಪಾಡುವ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಪ್ರಯೋಗಾಲಯವಿದೆ, ಅಂಥ ಕಡೆ ತೋರಿಸಿ.

ಬೆಸುಗೆಯನ್ನು ಅರದಿಂದ ಉಜ್ಜಿ ತೆಗೆಸಬೇಡಿ, ಶಾಖ ಕೊಟ್ಟು ಕರಗಿಸಲೂ ಬೇಡಿ. ಕರಗಿದ ಸೀಸ-ತವರ ಬೆಳ್ಳಿಯೊಳಗೆ ಹರಡಿಕೊಳ್ಳುತ್ತದೆ, ಅಂಚಿನ ಅಕ್ಷರಗಳು ನಾಶವಾಗುತ್ತವೆ. ವಿಕ್ಟೋರಿಯಾ ಕಾಲದ ಇಂಗ್ಲೆಂಡಿನಲ್ಲೂ ನಾಣ್ಯಗಳನ್ನು ಪದಕ, ಬ್ರೋಚ್ ಮಾಡಿಕೊಂಡು ಧರಿಸುತ್ತಿದ್ದರು. ನಮ್ಮಲ್ಲಂತೂ ಪುತಳಿ ಸರ, ಕಾಸಿನ ಸರಗಳ ದೊಡ್ಡ ಪರಂಪರೆಯೇ ಇದೆ. ಉಳಿತಾಯವನ್ನು ಕೊರಳಲ್ಲೇ ಇಟ್ಟುಕೊಂಡ ಹೆಣ್ಣುಮಕ್ಕಳ ಜಾಣತನ ಅದು. ಸಂಗ್ರಹಕಾರರು ಬೆಸುಗೆಯ ಗುರುತಿಗೆ ಬೆಲೆ ತುಂಬಾ ಇಳಿಸುತ್ತಾರೆ, ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ತೆಗೆಸಿದರೆ ಇನ್ನೂ ಇಳಿಯುತ್ತದೆ.

ಬೆಲೆಗೆ ಬರೋಣ. ಮೊದಲು ತಳದ ಲೆಕ್ಕ: 27.9 ಗ್ರಾಂ ಗುಣಿಸು 0.925, ಸುಮಾರು 25.8 ಗ್ರಾಂ ಬೆಳ್ಳಿ. ಇದನ್ನು ಆ ದಿನದ ಬೆಳ್ಳಿ ದರದಿಂದ ಗುಣಿಸಿ. ಅದಕ್ಕಿಂತ ಕಡಿಮೆಗೆ ಯಾರೂ ಕೇಳಬಾರದು. ಅದರ ಮೇಲೆ ಎಷ್ಟು ಎಂಬುದು ಎಷ್ಟು ಅಪರೂಪ, ಎಷ್ಟು ಚೆನ್ನಾಗಿ ಉಳಿದಿದೆ ಎಂಬ ಎರಡರ ಮೇಲೆ ನಿಂತಿದೆ. 1893ರ ಕ್ರೌನ್ ಹಳೆಯದು, ಆದರೆ ಅಪರೂಪದ್ದಲ್ಲ. ಉಪಯೋಗಕ್ಕೆ ಬಾರದೆ ಹೊಸತಾಗಿಯೇ ಉಳಿದ ಕ್ರೌನ್‌ಗೆ ಒಳ್ಳೆಯ ಬೆಲೆಯಿದೆ. ಸವೆದು, ತೊಳೆದು, ಕೊಂಡಿ ಹಾಕಿಸಿಕೊಂಡದ್ದಕ್ಕೆ ಬೆಳ್ಳಿಯ ಬೆಲೆಗಿಂತ ಸ್ವಲ್ಪವೇ ಹೆಚ್ಚು ಸಿಕ್ಕೀತು. ಲಕ್ಷಗಳ ಕಥೆ ಹುಟ್ಟುವುದು ಬೇರೆ ಕ್ರೌನ್‌ಗಳಿಂದ. 1663ರಲ್ಲಿ ಥಾಮಸ್ ಸೈಮನ್ ಎಂಬ ಕೆತ್ತನೆಗಾರ ಅಂಚಿನಲ್ಲೇ ದೊರೆಗೆ ತನ್ನ ಮನವಿಯನ್ನು ಕೆತ್ತಿ ಒಪ್ಪಿಸಿದ ಕ್ರೌನ್, 1847ರ ಗೋಥಿಕ್ ಅಕ್ಷರಗಳ ಕ್ರೌನ್, ಇಂಥವು ಹರಾಜಿನಲ್ಲಿ ದೊಡ್ಡ ಮೊತ್ತಕ್ಕೆ ಹೋಗುತ್ತವೆ. ಆ ಸುದ್ದಿಯನ್ನು ಹಿಡಿದು, ರಾಣಿಯ ಮುಖವಿರುವ ಯಾವ ನಾಣ್ಯಕ್ಕೂ ಲಕ್ಷ ಎಂದು ವಿಡಿಯೊ ಮಾಡುವವರು ಮಾಡುತ್ತಾರೆ.

ನಿಮ್ಮ ಮೈದುನರಿಗೆ ಈ ಸಾಲನ್ನು ಓದಿ ಹೇಳಿ: ಕೊಳ್ಳುವವನು ಹಣ ಕೊಡುತ್ತಾನೆ, ಕೇಳುವುದಿಲ್ಲ. ನೋಂದಣಿ ಶುಲ್ಕ, ತೆರಿಗೆ, ಕಮಿಷನ್ ಎಂದು ಮುಂಗಡ ಕೇಳಿದರೆ ಅದು ಮೋಸ. ಹಳೆಯ ನೋಟು, ನಾಣ್ಯಗಳ ಕೊಡುಕೊಳ್ಳುವಿಕೆಗೆ ತನ್ನ ಹೆಸರು, ಲಾಂಛನ ಬಳಸಿ ಹಣ ಕೀಳುತ್ತಿದ್ದಾರೆ, ತಾನು ಅಂಥ ವ್ಯವಹಾರ ಮಾಡುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲೇ ಎಚ್ಚರಿಸಿದೆ. ಈಗಾಗಲೇ ಹಣ ಕಳಿಸಿದ್ದರೆ ನಾಚಿಕೆ ಪಡದೆ ಕೂಡಲೇ 1930ಕ್ಕೆ ಕರೆ ಮಾಡಿ, ಸೈಬರ್ ವಂಚನೆಯ ದೂರಿಗೆ ಇರುವ ರಾಷ್ಟ್ರೀಯ ಸಹಾಯವಾಣಿ ಅದು.

ಲೆಸ್ಟರ್‌ಗೆ ಒಯ್ಯುವ ಮಾತು ನನಗೆ ಹೆಚ್ಚು ಆತಂಕ ತಂದಿತು. ಇಂಗ್ಲೆಂಡಿನ ನಾಣ್ಯ ಇಂಗ್ಲೆಂಡಿಗೆ ಹೋದರೆ ತಪ್ಪೇನು ಎಂಬ ಹುಡುಗನ ತರ್ಕ ಸಹಜವೇ. ಆದರೆ 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆ ನೂರು ವರ್ಷಕ್ಕೆ ಕಡಿಮೆಯಿಲ್ಲದ ನಾಣ್ಯವನ್ನು ಪುರಾವಸ್ತು ಎಂದು ಕರೆಯುತ್ತದೆ, ಖಾಸಗಿ ವ್ಯಕ್ತಿಗಳು ಪುರಾವಸ್ತುವನ್ನು ದೇಶದಿಂದ ಹೊರಗೆ ಸಾಗಿಸುವುದನ್ನು ತಡೆಯುತ್ತದೆ. ನಾಣ್ಯ ಎಲ್ಲಿ ಅಚ್ಚಾಯಿತು ಎಂದು ಆ ವ್ಯಾಖ್ಯೆ ಕೇಳುವುದಿಲ್ಲ. ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಿಂದ ಲಿಖಿತವಾಗಿ ತಿಳಿದುಕೊಳ್ಳದೆ ಅದನ್ನು ವಿಮಾನದ ಚೀಲಕ್ಕೆ ಹಾಕಬೇಡಿ, ಕೊರಿಯರ್‌ಗೂ ಕೊಡಬೇಡಿ. ನಾಣ್ಯವನ್ನು ಮನೆಯಲ್ಲಿ ಇಟ್ಟುಕೊಂಡಿರುವುದು ಅಪರಾಧವಲ್ಲ, ಆ ಭಯ ಬೇಡ.

ಮಾರಲೇಬೇಕಾದರೆ ಬೆಂಗಳೂರಿನ ನಾಣ್ಯ ಪ್ರದರ್ಶನಗಳಿಗೆ ಒಯ್ದು, ಕನಿಷ್ಠ ಮೂವರು ಪರವಾನಗಿ ಇರುವ ವ್ಯಾಪಾರಿಗಳಿಗೆ ತೋರಿಸಿ ಬೆಲೆ ಕೇಳಿ, ಆ ದಿನವೇ ಕೊಟ್ಟುಬಿಡಬೇಡಿ. ಶ್ರೇಣಿ ನಿಗದಿ ಮಾಡಿ ಗಟ್ಟಿ ಪೆಟ್ಟಿಗೆಯಲ್ಲಿ ಮುಚ್ಚಿಕೊಡುವ ಕಂಪನಿಗಳಿಗೆ ಕಳಿಸುವುದು ನಿಮ್ಮ ನಾಣ್ಯಕ್ಕೆ ದಂಡದ ಖರ್ಚು. ಕೇಳಿದ್ದೀರಿ ಎಂದು ನನ್ನ ಅಭಿಪ್ರಾಯ ಹೇಳುತ್ತೇನೆ: ಮಾರಬೇಡಿ. ಬರುವ ಹಣ ಒಂದು ತಿಂಗಳ ದಿನಸಿಗೂ ಸಾಲದೆ ಹೋಗಬಹುದು. 1980ರ ಜನವರಿಯಲ್ಲಿ ಬೆಳ್ಳಿಯ ಬೆಲೆ ಜಗತ್ತಿನಾದ್ಯಂತ ಏಕಾಏಕಿ ಏರಿದಾಗ ಅಸಂಖ್ಯ ಬೆಳ್ಳಿ ನಾಣ್ಯಗಳು ಮೂಸೆಗೆ ಹೋದವು. ನಿಮ್ಮದು ಆಗಲೂ ಉಳಿದದ್ದು ಜಗುಲಿಯ ಮೇಲಿತ್ತು ಎಂಬ ಕಾರಣಕ್ಕೆ. ಪೂಜೆ ಅದನ್ನು ಸವೆಸಿತು, ಆದರೆ ಕರಗದಂತೆ ಕಾಪಾಡಿದ್ದೂ ಪೂಜೆಯೇ.

ಆದ್ದರಿಂದ ಪೂಜೆ ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. 39 ಮಿಲಿಮೀಟರ್ ನಾಣ್ಯಕ್ಕೆ ಹೊಂದುವ ಗಟ್ಟಿ ಅಕ್ರಿಲಿಕ್ ಡಬ್ಬಿ ನಾಣ್ಯದ ಸಾಮಗ್ರಿ ಮಾರುವವರಲ್ಲಿ ಸಿಗುತ್ತದೆ. ಬೆಸುಗೆ ಉಬ್ಬಿದ್ದರೆ ಒಂದು ಅಳತೆ ದೊಡ್ಡದನ್ನು ಕೊಳ್ಳಿ. ಅದರೊಳಗಿಟ್ಟು ಮುಚ್ಚಿ, ಡಬ್ಬಿಯ ಮೇಲೆ ಅರಿಸಿನ ಕುಂಕುಮ ಹಚ್ಚಿ, ಹೂ ಏರಿಸಿ, ಆರತಿ ಮಾಡಿ. ಡಬ್ಬಿಯನ್ನು ಎಷ್ಟು ಸಲ ಬೇಕಾದರೂ ಒರೆಸಬಹುದು. ಪಂಚಾಮೃತ ಮಾತ್ರ ಬೇಡ. ನಾಣ್ಯವನ್ನು ಕೈಗೆತ್ತಿಕೊಳ್ಳುವಾಗ ಮುಖಕ್ಕೆ ಬೆರಳು ತಾಗದಂತೆ ಅಂಚಿನಲ್ಲಿ ಹಿಡಿಯಿರಿ, ಬೆರಳಿನ ಬೆವರಿನ ಉಪ್ಪು ಅಚ್ಚೊತ್ತಿದಂತೆ ಕಲೆ ಬಿಡುತ್ತದೆ. ಹಬ್ಬ ಮುಗಿದ ಮೇಲೆ ಡಬ್ಬಿಯ ಸಮೇತ ಒಂದು ಮುಚ್ಚಳದ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಧಾರವಾಡದ ಮಳೆಗಾಲಕ್ಕೆ ಆ ಪೊಟ್ಟಣವನ್ನು ಜೂನ್‌ಗೆ ಮೊದಲೇ ಬದಲಿಸಿ. ಹಳೆಯ ಪತ್ರಿಕೆ, ಉಣ್ಣೆ ಬಟ್ಟೆ, ರಬ್ಬರ್ ಬ್ಯಾಂಡ್, ನುಸಿಗುಳಿಗೆ ಯಾವುದೂ ಹತ್ತಿರ ಇರಬಾರದು.

ಕೊನೆಯದಾಗಿ ಆ ಅಂಚಿನ ಬರಹ. 'ಡೆಕಸ್ ಎಟ್ ಟುಟಾಮೆನ್' ಎಂಬ ಲ್ಯಾಟಿನ್ ಮಾತು, ಅರ್ಥ ಅಲಂಕಾರ ಮತ್ತು ರಕ್ಷಣೆ. ಅಂಚನ್ನು ಕತ್ತರಿಸಿ ಬೆಳ್ಳಿ ಕದಿಯುವವರನ್ನು ತಡೆಯಲು ಹದಿನೇಳನೆಯ ಶತಮಾನದಲ್ಲಿ ಬಂದದ್ದು. ಅಕ್ಷರ ತುಂಡಾದರೆ ಕಳ್ಳತನ ಗೊತ್ತಾಗುತ್ತಿತ್ತು. ಮುಂದಿನದು 'ಆನೊ ರೆಗ್ನಿ', ಆಳ್ವಿಕೆಯ ವರ್ಷ, ಆಮೇಲೆ ರೋಮನ್ ಅಂಕಿ. ಎಲ್ ಐವತ್ತು, ವಿ ಐದು, ಐ ಒಂದು. ವಿಕ್ಟೋರಿಯಾ ಪಟ್ಟಕ್ಕೆ ಬಂದದ್ದು 1837ರ ಜೂನ್ 20ರಂದು. ಹಾಗಾಗಿ 1893ರ ಜೂನ್ 19ರವರೆಗೆ ಐವತ್ತಾರನೆಯ ವರ್ಷ, ಮರುದಿನದಿಂದ ಐವತ್ತೇಳನೆಯದು. 1893ರ ಕ್ರೌನ್‌ಗಳಲ್ಲಿ ಎರಡೂ ಇವೆ. ಐವತ್ತೇಳರದು ಸ್ವಲ್ಪ ವಿರಳ. ಬೇರೆ ಯಾವುದೇ ಅಂಕಿ ಇದ್ದಿದ್ದರೆ ನಾನು ನಕಲಿ ಎಂದು ಅನುಮಾನಿಸುತ್ತಿದ್ದೆ.

ನಿಮ್ಮ ಬೆಸುಗೆ ಮುಚ್ಚಿರುವುದು ಸರಿಯಾಗಿ ಆ ಕೊನೆಯ ಐ ಇರಬಹುದಾದ ಜಾಗವನ್ನೇ. ಕೆರೆದು ನೋಡುವ ಆಸೆ ನನಗೇ ಆಗುತ್ತಿದೆ, ನೀವು ಮಾತ್ರ ಕೆರೆಯಬೇಡಿ. ಬೆಳಗಿನ ಓರೆ ಬಿಸಿಲಿನಲ್ಲಿ ಕಿಟಕಿಯ ಬಳಿ ನಾಣ್ಯವನ್ನು ಅಂಚಿನ ಮೇಲೆ ನಿಲ್ಲಿಸಿ, ನಿಧಾನವಾಗಿ ಉರುಳಿಸುತ್ತಾ ಸುತ್ತಲೂ ಎಂಟು ಹತ್ತು ಫೋಟೊ ತೆಗೆಯಿರಿ. ಅಕ್ಷರಗಳ ನಡುವಿನ ಅಂತರ ಅಳೆದು, ಬೆಸುಗೆಯ ಕೆಳಗೆ ಇನ್ನೊಂದು ಐಗೆ ಜಾಗವಿದೆಯೇ ಎಂದು ಲೆಕ್ಕ ಹಾಕಬಹುದು. ಆ ಫೋಟೊಗಳನ್ನು ನನಗೆ ಕಳಿಸಿ, ನೋಡಿ ಬರೆಯುತ್ತೇನೆ.